ಬೂತಪ್ಪನ ನೂರರ ನೋಟು

ಕೊಪ್ಪದ ರಾಜಶೇಖರನಿಗೆ ಎರಡು ವಿದ್ಯೆಗಳು ಬರುತ್ತಿದ್ದವು. ಒಂದು, ನೋಟು ನೋಡಿ ಅದು ಅಸಲಿಯೋ ಖೋಟಾವೋ ಹೇಳುವುದು. ಇನ್ನೊಂದು, ಅಸಲಿ ಮನುಷ್ಯರ ಖೋಟಾ ಪ್ರತಿ ತೆಗೆಯುವುದು. ಮೊದಲನೆಯದನ್ನು ಬ್ಯಾಂಕಿನ ಕ್ಯಾಶ್ ಕೌಂಟರಿನ ಜಾಲರಿಯ ಹಿಂದೆ ಮೂವತ್ತಾರು ವರ್ಷ ಕೂತು ಕಲಿತಿದ್ದ. ಎರಡನೆಯದು ಅಪ್ಪ ರೇಣುಕಪ್ಪನವರಿಂದ ಬಂದ ಪಿತ್ರಾರ್ಜಿತ. ಮ್ಯಾನೇಜರರ ಕೆಮ್ಮು, ತಹಶೀಲ್ದಾರರ ಮೂಗಿನ ಮಾತು, ಬಾಳೆಹೊನ್ನೂರು ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮುಂಚೆ ಎಳೆದುಕೊಳ್ಳುವ ಉಸಿರು, ಯಾವುದನ್ನು ಕೇಳಿದರೂ ಕೂತಲ್ಲೇ ತೆಗೆದುಕೊಡುತ್ತಿದ್ದ.

ನಿವೃತ್ತಿಯಾದ ಮೇಲೆ ಹಳೆ ನೋಟು ಕೂಡಿಡುವ ಹವ್ಯಾಸಿಗಳೆಲ್ಲ ಭಾನುವಾರ ಬೆಳಿಗ್ಗೆ ಅವನ ಜಗುಲಿಗೆ ಬರತೊಡಗಿದರು. ಒಂದು ಭೂತಗನ್ನಡಿ, ಒಂದು ನೇರಳೆ ದೀಪ, ಬಲಗೈಯ ಹೆಬ್ಬೆರಳು. ಇಷ್ಟೇ ಅವನ ಪ್ರಯೋಗಶಾಲೆ. "ನೋಟಕ್ಕೆ ಮೋಸ ಆಗ್ತದೆ ಮಾರಾಯ, ಬೆರಳಿಗೆ ಆಗೂದಿಲ್ಲ" ಎನ್ನುತ್ತ ಉಬ್ಬಿದ ಶಾಯಿಯ ಮೇಲೆ ಬೆರಳಾಡಿಸಿ ತೀರ್ಪು ಕೊಡುತ್ತಿದ್ದ. ಫೀಸು ಇಲ್ಲ. ಬಂದವರು ಒಂದು ಮಿಮಿಕ್ರಿ ಕೇಳಿಕೊಂಡು ಹೋಗಬೇಕು, ಅದೊಂದೇ ಕಂಡೀಷನ್ನು.

ಹಾಗೊಂದು ಭಾನುವಾರ ಹೆಂಡತಿ ಸರ್ವಮಂಗಳಾ ಒಳಗೆ ಬಂದು, "ರೀ, ಕಡಹಿನಬೈಲಿಂದ ಒಬ್ಬಳು ಹೆಂಗಸು ಬಂದಿದಾಳೆ. ಮೇಲೆ ಬಾ ಅಂದ್ರೆ ಬರ್ತಿಲ್ಲ. ನೋಟು ತೋರಿಸ್ಬೇಕಂತೆ" ಎಂದಳು.

ಮೆಟ್ಟಿಲ ಮೇಲೆ ಅರವತ್ತರ ಆಸುಪಾಸಿನ ಹೆಂಗಸು ನಿಂತಿದ್ದಳು. ಎದೆಗೆ ಒತ್ತಿಕೊಂಡ ಪ್ಲಾಸ್ಟಿಕ್ ಕವರು. ತೋಟದ ಕೆಲಸದವರ ಒರಟು ಕೈ.

"ನೀವು ಎನ್.ಆರ್.ಪುರದ ಜಿನಸಿ ಅಂಗಡಿ ರೇಣುಕಪ್ಪನೋರ ಮಗ ಅಲ್ದಾ?"

"ಹೌದು. ಅಪ್ಪ ಹೋಗಿ ಹನ್ನೆರಡು ವರ್ಷ ಆಯ್ತು. ನೀನು?"

"ನಾ ಸೀತಕ್ಕ. ಬೂತಪ್ಪನ ಮಗಳು."

"ಯಾವ ಬೂತಪ್ಪ?"

"ನಿಮಗೆ ಗೊತ್ತಿರೋ ಬೂತಪ್ಪನೇ ಅಯ್ಯ. ಖೋಟಾ ಬೂತಪ್ಪ."

ರಾಜಶೇಖರ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ.

ಖೋಟಾ ಬೂತಪ್ಪ ಎಂದರೆ ಅವನ ಮಿಮಿಕ್ರಿಯ ಪಟ್ಟದಾನೆ. ಎಲ್ಲಿ ಮೈಕು ಹಿಡಿದರೂ ಕೊನೆಯ ಐಟಂ ಅದೇ. ಕಥೆ ಅಪ್ಪನದು. ಎಪ್ಪತ್ತೆರಡನೇ ಇಸವಿ. ಕರು ಮಾರಿ ಸಿಕ್ಕ ನೂರರ ನೋಟೊಂದನ್ನು ಹಿಡಿದು ಬೂತಪ್ಪನೆಂಬ ಕೂಲಿಯವನು ರೇಣುಕಪ್ಪನವರ ಅಂಗಡಿಗೆ ಅಕ್ಕಿ ಬೆಲ್ಲಕ್ಕೆ ಬಂದ. ರೇಣುಕಪ್ಪನವರು ನೋಟಿನ ಎಡಬಲದ ನಂಬರು ತಾಳೆ ನೋಡಿದರು. ಒಂದು ಕಡೆ ಕೊನೆಯ ಅಂಕಿ ಮೂರು, ಇನ್ನೊಂದು ಕಡೆ ನಾಲ್ಕು. "ಖೋಟಾ! ಖೋಟಾ ನೋಟು!" ಎಂದು ಕೂಗಿದರು. ಸಂತೆಯ ದಿನ, ಜನ ಕೂಡಿತು. ಇಬ್ಬರು ಕೆನ್ನೆಗೆ ಬಿಟ್ಟರು. ಬೂತಪ್ಪ ಕೈಮುಗಿದು ನಡುಗುತ್ತ ಒಂದೇ ಮಾತು ಹೇಳಿದ: "ನಾ ಬರ್ದದ್ದಲ್ಲಾ ಒಡೆಯಾ, ನಂಗೆ ಬರಿಯಾಕೇ ಬರೂದಿಲ್ಲಾ!"

ಬರೆಯಲು ಬಾರದವನು ನೋಟು ಹೇಗೆ ಬರೆದಾನು ಎಂಬ ವಾದ. ಜನ ಬಿದ್ದು ಬಿದ್ದು ನಕ್ಕರು. ರೇಣುಕಪ್ಪನವರು ದೊಡ್ಡ ಮನಸ್ಸು ಮಾಡಿ ಪೊಲೀಸಿಗೆ ಕೊಡದೆ, ನೋಟನ್ನು ಅವನ ಮುಖಕ್ಕೇ ಎಸೆದು ಕಳಿಸಿದರು. ಆಮೇಲೆ ನಲವತ್ತು ವರ್ಷ ಮದುವೆ ಮುಂಜಿಯ ಊಟದ ಸಾಲಿನಲ್ಲಿ ಆ ಮಾತನ್ನು ಆ ಧ್ವನಿಯಲ್ಲೇ ಆಡಿ ತೋರಿಸಿದರು. ಮಗ ಅದಕ್ಕೆ ಮೈಕು ಕೊಟ್ಟ. ಬ್ಯಾಂಕಿನ ವಾರ್ಷಿಕೋತ್ಸವ, ಸೊಸೈಟಿಯ ಸಭೆ, ಗಣಪತಿ ಪೆಂಡಾಲು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಿನಲ್ಲಿ ಬೂತಪ್ಪನನ್ನು ನೋಡದವರಿಗೂ ಬೂತಪ್ಪನ ಧ್ವನಿ ಬಾಯಿಪಾಠ. ನೋಡದವರ ಪೈಕಿ ರಾಜಶೇಖರನೂ ಒಬ್ಬ.

"ಅಪ್ಪ ಹೋಗಿ ಇಪ್ಪತ್ತೊಂದು ದಿನ ಆಯ್ತು" ಎಂದಳು ಸೀತಕ್ಕ. ಅಂತೂ ಜಗುಲಿಯ ಅಂಚಿನಲ್ಲಿ ಕುಳಿತಿದ್ದಳು. "ಮರಣದ ಸರ್ಟಿಫಿಕೇಟು ತಂದೆ. ಕೆ. ಬೂತಪ್ಪ ಅಂತ ಅದೆ. ನಮ್ಮಜ್ಜನ ಹೆಸರು ದೊಡ್ಡಯ್ಯ. ಡಿ ಅಂತ ಇರ್ಬೇಕಲ್ದಾ? ಕೇಳಿದ್ರೆ ರೇಷನ್ ಕಾರ್ಡಲ್ಲಿ ಕೆ ಅಂತ್ಲೇ ಅದೆಯಲ್ಲಮ್ಮಾ ಅಂದ್ರು. ನಮ್ಮೂರಲ್ಲಿ ಮೂರು ಜನ ಬೂತಪ್ಪ. ಕಾರ್ಡು ಬರಿಯೋನು ಯಾವ ಬೂತಪ್ಪ ಅಂತ ಕೇಳಿದಾಗ ಸಾಲಲ್ಲಿದ್ದ ಯಾರೋ ಖೋಟಾ ಅಂದ್ರಂತೆ. ಅವ ಕೆ ಅಂತ ಬರ್ಕೊಂಡ."

ಬೇರೆ ದಿನವಾಗಿದ್ದರೆ ಇದು ರಾಜಶೇಖರನಿಗೆ ಹೊಸ ಐಟಂ. ಅವನ ತುಟಿ ಅಭ್ಯಾಸಬಲದಿಂದ ಅರ್ಧ ಅರಳಿ, ನಾಚಿ, ಮುಚ್ಚಿಕೊಂಡಿತು.

"ಎರಡು ಸಾವಿರದ ಒಂಬತ್ತರಲ್ಲಿ ಎನ್.ಆರ್.ಪುರದ ಛತ್ರದಲ್ಲಿ ನಿಮ್ಮ ನೆಂಟರದ್ದೊಂದು ಮದುವೆ ಆಯ್ತಲ್ಲ, ನಾ ಹಿಂದುಗಡೆ ಪಾತ್ರೆ ತೊಳಿಯೋಕೆ ಬಂದಿದ್ದೆ. ಮೈಕಲ್ಲಿ ಅಪ್ಪನ ಧ್ವನಿ ಕೇಳ್ತು. ಎಂತ ಆಯ್ತಪ್ಪಾ, ಅಪ್ಪ ಯಾಕೆ ಇಲ್ಲಿ ಬಂದ, ಯಾರು ಹೊಡಿತಿದಾರೆ ಅಂತ ಕೈ ಒರೆಸ್ಕೊಂಡು ಓಡಿ ಬಂದೆ. ನೋಡಿದ್ರೆ ನೀವು."

ಒಳಗೆ ಸರ್ವಮಂಗಳಾ ಪಾತ್ರೆ ಇಡುವ ಸದ್ದು ನಿಂತಿತು.

ಸೀತಕ್ಕ ಕವರಿನಿಂದ ಬಟ್ಟೆ, ಬಟ್ಟೆಯೊಳಗಿಂದ ನೋಟು ತೆಗೆದು ಮೇಜಿನ ಮೇಲಿಟ್ಟಳು. "ಅಪ್ಪ ಇದನ್ನ ಬೇರೆ ಯಾರ ಹತ್ರನೂ ಒಯ್ಲಿಲ್ಲ. ಬಿಸಾಕ್ಲೂ ಇಲ್ಲ. ಬಿದಿರಿನ ಕೊಳವೇಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದ. ನಿಮ್ಮ ಮನೆಯೋರು ಇದನ್ನ ಸುಳ್ಳು ಅಂದ್ರು. ಹೌದೋ ಅಲ್ವೋ ನಿಮ್ಮ ಮನೆಯೋರೇ ಹೇಳ್ಬೇಕು. ಸುಳ್ಳಾದ್ರೆ ಸುಳ್ಳು ಅನ್ನಿ, ಒಲೆಗೆ ಹಾಕಿ ಸುಮ್ನಾಗ್ತೇನೆ. ಖರೆ ಆದ್ರೆ ಊರೆದುರು ಹೇಳಿ."

ರಾಜಶೇಖರ ನೋಟನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಕಾಗದದ ಒಡಲೊಳಗಿಂದ ಸಿಂಹಗಳ ಕಂಬ ನಿಧಾನವಾಗಿ ಎದ್ದುಬಂತು. ಮೇಲಿಂದ ಅಚ್ಚೊತ್ತಿದ ನೀರುಗುರುತಾದರೆ ಅಂಚು ಗೆರೆ ಕೊರೆದಂತೆ ಕಾಣುತ್ತದೆ. ಇದರಲ್ಲಿ ನೆರಳು ಬೆಳಕಿನೊಳಗೆ ಕರಗಿತ್ತು, ಕಾಗದ ಹುಟ್ಟುವಾಗಲೇ ಹುಟ್ಟಿದ ಸಿಂಹ. ಕಣ್ಣು ಮುಚ್ಚಿ ಬೆರಳಾಡಿಸಿದ. ಶಾಯಿ ತೀರಾ ತಗ್ಗಿದ್ದರೂ ಅಕ್ಷರಗಳ ಬೆನ್ನು ಕೈಗೆ ಸಿಕ್ಕಿತು. ಭೂತಗನ್ನಡಿ ಹಿಡಿದು ಹಿಂಬದಿಯ ಅಣೆಕಟ್ಟಿನ ಚಿತ್ರ ನೋಡಿದ. ಕೂದಲೆಳೆಯಂಥ ಗೆರೆಗಳು ಎಲ್ಲೂ ಕಡಿಯದೆ, ಎಲ್ಲೂ ಚುಕ್ಕಿಯಾಗದೆ ಹರಿದಿದ್ದವು. ಕೊನೆಗೆ ನಂಬರು. ಎಡಕ್ಕೆ ಮೂರು, ಬಲಕ್ಕೆ ನಾಲ್ಕು. ಎರಡೂ ಒಂದೇ ಅಚ್ಚಿನ ಅಂಕಿಗಳು. ಮುದ್ರಣಾಲಯದಲ್ಲಿ ನಂಬರು ಹಾಕುವ ಯಂತ್ರದ ಒಂದು ಚಕ್ರ ಒಂದು ಹಲ್ಲು ಜಾರಿದೆ. ಅಷ್ಟೇ.

ಅಪ್ಪ ನಂಬರು ನೋಡಿದರು, ಬೆಳಕಿಗೆ ಹಿಡಿಯಲಿಲ್ಲ. ಒಂದೇ ಒಂದು ಸಲ ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು. ತಪ್ಪು ಮಾಡಿದ್ದು ಸರಕಾರದ ಯಂತ್ರ, ಪೆಟ್ಟು ತಿಂದವನು ಬೂತಪ್ಪ.

"ಸೀತಕ್ಕಾ, ಇದು ಅಸಲಿ" ಎಂದ. "ಅಸಲಿ ಅಷ್ಟೇ ಅಲ್ಲ. ಹೀಗೆ ನಂಬರು ತಪ್ಪಿದ ನೋಟಿಗೆ ಈಗ ಸಂಗ್ರಹಕಾರರು ಜೀವ ಬಿಡ್ತಾರೆ. ಐವತ್ತು ಸಾವಿರ ಕೊಟ್ಟಾರು."

"ಮಾರೋಕೆ ತಂದದ್ದಲ್ಲ ಅಯ್ಯ."

ಕಟ್ಟಕಡೆಗೆ, ಬರೀ ಶಾಸ್ತ್ರಕ್ಕೆಂದು, ರಾಜಶೇಖರ ನೇರಳೆ ದೀಪ ಹಾಕಿದ. ನೋಟಿನ ಕಾಗದ ಅರಳೆಯದ್ದು, ಆ ದೀಪದ ಕೆಳಗೆ ಮಂಕಾಗಿ ಸುಮ್ಮನಿರಬೇಕು. ಅಂಗಡಿಯ ಬಿಳಿ ಕಾಗದವಾದರೆ ಮಾತ್ರ ಹೊಳೆಯುತ್ತದೆ. ಕ್ಯಾಶಿಯರ್ ಹುದ್ದೆಗೆ ಬಂದ ಹೊಸ ಹುಡುಗಿಯರಿಗೆಲ್ಲ ಅವನೇ ಕಲಿಸಿದ ಮೊದಲ ಪಾಠ ಅದು.

ಬೂತಪ್ಪನ ನೋಟು ಹುಣ್ಣಿಮೆಯ ಹಾಗೆ ಹೊಳೆಯಿತು.

ದೀಪ ಆರಿಸಿದ. ಮತ್ತೆ ಹಾಕಿದ. ಮತ್ತೆ ಹುಣ್ಣಿಮೆ. ಆಗ ಅವನಿಗೆ ಮೂಗಿನ ಹತ್ತಿರ ಒಂದು ವಾಸನೆ ಬಂತು. ಐವತ್ತು ವರ್ಷ ಅಟ್ಟದ ಹೊಗೆ ಕುಡಿದ ನೋಟಿಗೆ ಇರಬಾರದ ವಾಸನೆ. ಮಲ್ಲಿಗೆ.

"ಸೀತಕ್ಕಾ... ಇದಕ್ಕೆ ಎಂತ ಮಾಡಿದೆ?"

"ತೊಳ್ದೆ."

"ತೊಳೆದ್ಯಾ!"

"ಮತ್ತೆ? ಹನ್ನೊಂದರ ದಿನ ಸತ್ತೋರು ಮುಟ್ಟಿದ್ದು ಎಲ್ಲಾ ತೊಳೀಬೇಕಲ್ದಾ? ಕಂಬಳಿ, ಚಾಪೆ, ಚೀಲ, ಒಂದೂ ಬಿಡೂದಿಲ್ಲ ನಾವು. ಸೂತಕದ ವಸ್ತುನ ಹಂಗೇ ನಿಮ್ಮ ಮನೆಗೆ ತರೋಕಾಗ್ತದಾ? ನೀವು ವಿಭೂತಿ ಹಚ್ಚೋ ಜನ." ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಒಳ್ಳೇ ಸೋಪಿನ ಪುಡೀನೇ ತಂದಿದ್ದೆ. ಒಂದಿಡೀ ಹೊತ್ತು ನೆನೆಹಾಕಿ, ಮೆತ್ತಗೆ ಉಜ್ಜಿ, ನೆರಳಲ್ಲಿ ಒಣಗಿಸಿದೆ. ಹರೀಲಿಲ್ಲ ನೋಡಿ!"

ಬಟ್ಟೆಗೆ ಬಿಳುಪು ಕೊಡುವ ಮದ್ದು ಆ ಪುಡಿಯಲ್ಲಿರುತ್ತದೆ. ಅದು ಅರಳೆಯ ಎಳೆ ಎಳೆಗೂ ಹಿಡಿದು ಕೂತಿತ್ತು. ಇನ್ನು ಯಾವ ದೀಪಕ್ಕೆ ಹಿಡಿದರೂ ಈ ನೋಟು ತಾನು ನಿನ್ನೆ ಮೊನ್ನೆಯ ಕಾಗದ ಎಂದೇ ಸಾಕ್ಷಿ ಹೇಳುತ್ತದೆ. ಬಲಗಡೆಯ ನಾಲ್ಕು ಕೂಡ ಅಂಚಿನಲ್ಲಿ ಒಂದಿಷ್ಟು ಹರಡಿತ್ತು. ಬೂತಪ್ಪನ ಮೈಲಿಗೆಯನ್ನೇನೋ ಮಗಳು ತೊಳೆದಿದ್ದಳು, ಅದರ ಜೊತೆಗೆ ಅವನ ಸಾಕ್ಷಿಯನ್ನೂ.

ಇದನ್ನು ಅವಳಿಗೆ ಹೇಗೆ ಹೇಳುವುದು? ಹೇಳಲಿಲ್ಲ. "ಮುಂದಿನ ಭಾನುವಾರ ಶೃಂಗೇರಿಯ ಛತ್ರದಲ್ಲಿ ಹಳೆ ನಾಣ್ಯ ನೋಟಿನ ಪ್ರದರ್ಶನ ಇದೆ. ಶಿವಮೊಗ್ಗದಿಂದ ಪರೀಕ್ಷಕರು ಬರ್ತಾರೆ. ಅಲ್ಲಿ ಸರ್ಟಿಫಿಕೇಟು ಬರೆಸಿ, ಅಲ್ಲೇ ಎಲ್ಲರೆದುರು ಹೇಳೋಣ" ಎಂದ.

"ನೀವು ಹೇಳಿದ್ರೆ ಸಾಕಿತ್ತು."

"ಸಾಕಾಗೂದಿಲ್ಲ ಸೀತಕ್ಕಾ. ನನ್ನ ಮಾತಿಗೆ ಊರಲ್ಲಿ ನಗೋದು ರೂಢಿ."

ಶೃಂಗೇರಿಯ ಛತ್ರದಲ್ಲಿ ಆ ಭಾನುವಾರ ನೂರೈವತ್ತು ಜನ. ಗಾಜಿನ ಪೆಟ್ಟಿಗೆಗಳಲ್ಲಿ ಕಾಸು, ಬಿಲ್ಲೆ, ರಾಜರ ತಲೆ, ರಾಣಿಯರ ತಲೆ. ಪರೀಕ್ಷಕ ಶಶಿಕಿರಣ್ ಮೂವತ್ತು ದಾಟದ ಯುವಕ. ಮಾತು ಮೃದು, ಕೈಗೆ ತೆಳು ಗವುಸು. ಅವನ ಪದ್ಧತಿಯಲ್ಲಿ ದೀಪ ಮೊದಲು, ಉಳಿದದ್ದು ಆಮೇಲೆ. ಬೂತಪ್ಪನ ನೋಟನ್ನು ಪೆಟ್ಟಿಗೆಯಂಥ ಯಂತ್ರದೊಳಗಿಟ್ಟು ಗುಂಡಿ ಒತ್ತಿದ. ಒಳಗಿಂದ ಹೊಮ್ಮಿದ ಬೆಳಕು ಅವನ ಗಲ್ಲಕ್ಕೂ ಬಡಿಯಿತು.

"ಸರ್, ಪೇಪರ್ ಹೊಳೀತಿದೆ."

"ತೊಳೆದಿದಾರೆ. ಸೋಪಿನ ಪುಡಿಯಲ್ಲಿ. ನೀರುಗುರುತು ನೋಡಿ, ಗೆರೆ ನೋಡಿ, ಬೆರಳಿಂದ ಮುಟ್ಟಿ ನೋಡಿ. ಗವುಸು ತೆಗೆದು ಮುಟ್ಟಿ ಮಾರಾಯ್ರೆ!"

ಶಶಿಕಿರಣ್ ಪಾಪ, ಗವುಸು ತೆಗೆದೇ ಮುಟ್ಟಿದ. ಬೆಳಕಿಗೆ ಹಿಡಿದ. ಲೆನ್ಸಿನಲ್ಲಿ ಹತ್ತು ನಿಮಿಷ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟ.

"ಸರ್, ನನಗೂ ಇದು ಅಸಲಿ ಇರಬಹುದು ಅಂತಲೇ ಅನ್ನಿಸ್ತದೆ. ಆದರೆ ಅನ್ನಿಸಿದ್ದನ್ನ ಬರೆಯೋಕಾಗಲ್ಲ. ಈ ನಾಲ್ಕು ನೋಡಿ, ಹರಡಿದೆ. ಯಾರೋ ಮೂರನ್ನು ಅಳಿಸಿ ನಾಲ್ಕು ಹಾಕಿದಾರೆ ಅಂತ ನಾಳೆ ಒಬ್ಬ ಕೇಳಿದ್ರೆ ನಾನು ಏನು ತೋರಿಸ್ಲಿ? ತೊಳೆಯೋ ಮುಂಚೆ ತಂದಿದ್ರೆ ಕಣ್ಣುಮುಚ್ಚಿ ಬರೆದುಕೊಡ್ತಿದ್ದೆ."

'ತೊಳೆಯೋ ಮುಂಚೆ' ಎಂಬುದು ಸೀತಕ್ಕನ ಕಿವಿಗೆ ಬಿತ್ತು. ಅವಳು ಯಂತ್ರವನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಶಶಿಕಿರಣ್ ಬರೆದುಕೊಟ್ಟ ಚೀಟಿಯನ್ನು ರಾಜಶೇಖರ ಅವಳಿಗೆ ಓದಿಹೇಳಿದ: ಅಭಿಪ್ರಾಯ ಕೊಡಲಾಗದು.

"ಸುಳ್ಳು ಅಂತ ಬರ್ದಿಲ್ಲ ಅಲ್ದಾ?"

"ಇಲ್ಲ."

"ಖರೆ ಅಂತ?"

"ಅದೂ ಇಲ್ಲ."

"ಹಂಗಾರೆ ಅಪ್ಪ ಇದ್ದಲ್ಲೇ ಇದಾನೆ" ಎಂದಳು ಸೀತಕ್ಕ.

ಆ ಹೊತ್ತಿಗೆ ಸರಿಯಾಗಿ ವೇದಿಕೆಯಿಂದ ಹವ್ಯಾಸಿಗಳ ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಮೈಕಿನಲ್ಲಿ ಕರೆದ: "ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಅಷ್ಟರೊಳಗೆ ಹಸಿವು ಮರೆಸೋಕೆ ನಮ್ಮ ನೋಟು ರಾಜಣ್ಣ ಬರ್ಬೇಕು!" ಚಪ್ಪಾಳೆ. ರಾಜಶೇಖರ ಒಂದು ಕ್ಷಣ ನಿಂತ. ಕಾಗದ ಹೇಳದಿದ್ದರೆ ಬಾಯಾದರೂ ಹೇಳಲಿ. ಸುಳ್ಳು ಹಬ್ಬಿಸಿದ ಬಾಯಿ ತಾನೇ, ಅದೇ ಮೈಕು ತಾನೇ. ನೋಟನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ.

"ಎಲ್ಲರಿಗೂ ನಮಸ್ಕಾರ. ಕಡಹಿನಬೈಲಿನ ಬೂತಪ್ಪ..."

ಅಷ್ಟಕ್ಕೇ ಸಭೆ ಕಿಸಕ್ಕೆಂದಿತು. ಹಿಂದಿನ ಸಾಲಿನವರು ಕುರ್ಚಿ ಮುಂದೆಳೆದುಕೊಂಡರು.

"ನಗಬೇಡಿ. ಬೂತಪ್ಪನವರ ನೋಟು ಅಸಲಿ. ಇಲ್ಲಿದೆ, ನನ್ನ ಕೈಯಲ್ಲಿದೆ. ನಾನೇ ಪರೀಕ್ಷೆ ಮಾಡಿದೇನೆ. ನಮ್ಮಪ್ಪ ಅವತ್ತು ತಪ್ಪು ಮಾಡಿದ್ರು."

ಭಾರಿ ನಗು. ಮೂರನೇ ಸಾಲಿನಿಂದ ಯಾರೋ ಕೂಗಿದರು: "ರಾಜಣ್ಣಾ, ಇದು ಯಾರ ಧ್ವನಿ? ನಿಮ್ಮ ಹಳೇ ಮ್ಯಾನೇಜರ್ದಾ?"

"ಇದು ನನ್ನ ಧ್ವನಿ!"

ಈ ಉತ್ತರಕ್ಕೆ ಶಿಳ್ಳೆ ಬಿತ್ತು. ರಾಜಶೇಖರ ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡ. ಸ್ವಂತ ಧ್ವನಿಯಲ್ಲಿ ಅವನು ಮೈಕಿನ ಮುಂದೆ ಎಂದಾದರೂ ಮಾತಾಡಿದ್ದನೇ? ಆ ಧ್ವನಿ ಯಾವುದೆಂದು ಊರಿಗೆ ಗೊತ್ತಿರಲಿಲ್ಲ. ಎತ್ತರಿಸಿದರೆ ತಹಶೀಲ್ದಾರರದ್ದಾಗುತ್ತಿತ್ತು, ತಗ್ಗಿಸಿದರೆ ಮ್ಯಾನೇಜರರದ್ದಾಗುತ್ತಿತ್ತು. "ಇದು ಮಿಮಿಕ್ರಿ ಅಲ್ಲ, ನಮ್ಮಪ್ಪನ ಆಣೆ" ಎಂದ. ಹೆಂಗಸರೂ ಸೆರಗು ಬಾಯಿಗಿಟ್ಟು ನಗತೊಡಗಿದರು. "ನಲವತ್ತು ವರ್ಷ ನಾನು ಒಬ್ಬ ಬಡವನ ಮರ್ಯಾದೆ ತಿಂದಿದೇನೆ" ಎನ್ನುವಾಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅದಕ್ಕೂ ಚಪ್ಪಾಳೆ. ಆಹಾ, ಅಳೋದು ಹೊಸದು ಸೇರಿಸಿದಾನೆ ಎಂದು ಯಾರೋ ಮೆಚ್ಚಿದ್ದು ಅವನವರೆಗೆ ಬಂತು. ಶಶಿಕಿರಣನೊಬ್ಬ ನಗದೆ, ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಯಂತ್ರವನ್ನು ಒರೆಸುತ್ತಿದ್ದ.

"ಬೂತಪ್ಪನ್ನ ಕರೀರಣ್ಣಾ! ಒಡೆಯಾ ಅನ್ನಿಸಿ!"

ಆ ಕೂಗಿಗೆ ನಾಲ್ಕಾರು ಹುಡುಗರು ತಾವೇ ಆ ಮಾತನ್ನು ಆ ಧ್ವನಿಯಲ್ಲಿ ಹೇಳಿಬಿಟ್ಟರು. ಒಂದು ಮೂಲೆಯಿಂದ ಒಬ್ಬ, ಇನ್ನೊಂದು ಮೂಲೆಯಿಂದ ಇನ್ನೊಬ್ಬ. ಎಲ್ಲ ಸರಿಯಾಗಿಯೇ ಹೇಳಿದರು. ರಾಜಶೇಖರ ಚೆನ್ನಾಗಿಯೇ ಕಲಿಸಿದ್ದ.

ಸೀತಕ್ಕ ಹಿಂದಿನ ಬಾಗಿಲ ಬಳಿಯಿಂದ ಎದ್ದು, ನಡುವಿನ ದಾರಿಯಲ್ಲಿ ನಡೆದು, ವೇದಿಕೆಯ ಹತ್ತಿರ ಬಂದು ಕೈ ಚಾಚಿದಳು. ಅವಳು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಜಶೇಖರ ಬಾಗಿ ನೋಟು ಕೊಟ್ಟ. ಐಟಂ ಮುಗಿಯಿತೆಂದು ಜಯಪ್ರಕಾಶ್ ಮೈಕು ತೆಗೆದುಕೊಂಡು, ಊಟಕ್ಕೆ ಎಲೆ ಹಾಕಿದ್ದಾರೆಂದು ಸಾರಿದ.

ಇಬ್ಬರೂ ಊಟ ಮಾಡಲಿಲ್ಲ. ಬಸ್ ನಿಲ್ದಾಣದ ಸಿಮೆಂಟ್ ಕಟ್ಟೆಯ ಮೇಲೆ, ನಡುವೆ ಒಂದಾಳಿನಷ್ಟು ಜಾಗ ಬಿಟ್ಟು ಕೂತರು.

"ನಾ ತೊಳೀಬಾರ್ದಿತ್ತು" ಎಂದಳು ಸೀತಕ್ಕ.

"ನೀನು ತೊಳೆದದ್ದಕ್ಕಲ್ಲ..."

"ಇರ್ಲಿ ಬಿಡಿ. ಕಟ್ಳೆ ಬಿಡೋಕಾಗ್ತದಾ."

ತಾನು ಊರೂರಿಗೆ ಹೋಗಿ ಹೇಳುತ್ತೇನೆ, ಕಾಗದದಲ್ಲಿ ಬರೆದು ಸಹಿ ಹಾಕಿಕೊಡುತ್ತೇನೆ, ಕಡಹಿನಬೈಲಿಗೇ ಬರುತ್ತೇನೆ ಎಂದು ರಾಜಶೇಖರ ಒಂದರ ಹಿಂದೊಂದು ಹೇಳುತ್ತ ಹೋದ. ಎಲ್ಲದಕ್ಕೂ ಅವಳು ತಲೆಯಾಡಿಸಿದಳು. ಅಳುವ ಮಗುವಿಗೆ ಆಡಿಸುವಂತೆ. ಮಾತು ತೀರಿದ ಮೇಲೆ ಅವಳೇ ಕೇಳಿದಳು:

"ಅಯ್ಯ, ಒಂದು ಉಪಕಾರ ಮಾಡ್ತೀರಾ? ಅಪ್ಪನ ಧ್ವನಿ ಫೋನಲ್ಲಿ ಎಲ್ಲೂ ಇಲ್ಲ. ನಿಮಗೆ ಬಿಟ್ರೆ ಯಾರಿಗೂ ಸರಿಯಾಗಿ ಬರೂದಿಲ್ಲ. ಆ ಒಡೆಯಾ ಅನ್ನೋದು ಬೇಡ. ದಿನಾ ಸಾಯಂಕಾಲ ಒಂದು ಮಾತು ಕೇಳ್ತಿದ್ದ. 'ಸೀತಾ, ಕೋಳಿ ಮುಚ್ಚಿದ್ಯಾ?' ಅಂತ. ಅದೊಂದು ಹೇಳಿ."

ರಾಜಶೇಖರ ಅತ್ತಿತ್ತ ನೋಡಿದ. ನಿಲ್ದಾಣದಲ್ಲಿ ಇಬ್ಬರು ಯಾತ್ರಿಕರು ನಿದ್ದೆ ಹೋಗಿದ್ದರು. ಹೊಟ್ಟೆಯಿಂದ ಉಸಿರೆಳೆದು, ಗಂಟಲನ್ನು ಆ ಜಾಗಕ್ಕೆ ತಂದು ಹೇಳಿದ:

"ಸೀತಾ, ಕೋಳಿ ಮುಚ್ಚಿದ್ಯಾ?"

ಧ್ವನಿ ಬಂತು. ಆದರೆ ನಡುಗುತ್ತ ಬಂತು, ಕೈಮುಗಿಯುತ್ತ ಬಂತು. ಕೋಳಿ ಮುಚ್ಚದಿದ್ದರೆ ಯಾರೋ ಕೆನ್ನೆಗೆ ಹೊಡೆಯುತ್ತಾರೆ ಎಂಬ ಹಾಗೆ.

"ಹಂಗಲ್ಲ" ಎಂದಳು ಸೀತಕ್ಕ ಮೆತ್ತಗೆ. "ಮನೇಲಿ ಅಪ್ಪ ಯಾರಿಗೂ ಹೆದರ್ತಿರ್ಲಿಲ್ಲ."

ಅವನು ಕಣ್ಣುಮುಚ್ಚಿ ಇನ್ನೊಮ್ಮೆ ಯತ್ನಿಸಿದ. ಸ್ವಲ್ಪ ಗಡಸು ಮಾಡಿದ, ಅದು ರೇಣುಕಪ್ಪನವರದ್ದಾಯಿತು. ಮೆತ್ತಗೆ ಮಾಡಿದ, ಮತ್ತೆ ಕೈಮುಗಿಯಿತು. ಬೂತಪ್ಪನೆಂಬ ಮನುಷ್ಯ ಮಗಳನ್ನು ಹೇಗೆ ಕರೆಯುತ್ತಿದ್ದ, ಕರು ಮಾರಿದ ದುಡ್ಡು ಕೈಗೆ ಬಂದ ದಿನ ಹೇಗೆ ಮಾತಾಡಿದ್ದ, ಅವನಿಗೆ ಗೊತ್ತಿರಲಿಲ್ಲ. ಹೋಗಿ ಕೇಳಿ ತಿಳಿಯಬಹುದಿತ್ತು, ಎಪ್ಪತ್ತು ಕಿಲೋಮೀಟರ್ ಸುತ್ತಿನಲ್ಲೇ ಆ ಮನುಷ್ಯ ಐವತ್ತು ವರ್ಷ ಬದುಕಿದ್ದ.

"ಆಮೇಲೆ ಸ್ವಲ್ಪ ಉದ್ದ ಎಳೀತಿದ್ದ" ಎಂದು ಸೀತಕ್ಕ ಹೇಳಿಕೊಟ್ಟಳು. "ಮುಚ್ಚಿದ್ಯಾಆ... ಅಂತ. ಬಾಯಲ್ಲಿ ಎಲೆಯಡಿಕೆ ಇರ್ತಿತ್ತು."

ಕೊಪ್ಪದ ಬಸ್ಸು ಬಂದು ನಿಂತಿತು. ಅವಳು ಹತ್ತಿ, ಆಧಾರ್ ಕಾರ್ಡು ತೋರಿಸಿ ಟಿಕೇಟು ಪಡೆದು, ಕಿಟಕಿಯ ಬದಿ ಕೂತಳು. ರಾಜಶೇಖರ ಅವಳ ಹಿಂದಿನ ಸೀಟಿನಲ್ಲಿ ಕೂತು, ಹರಿಹರಪುರ ದಾಟುವವರೆಗೂ, ಬಾಯೊಳಗೇ, ಇಲ್ಲದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, ಕೋಳಿ ಮುಚ್ಚಿದ್ಯಾ, ಕೋಳಿ ಮುಚ್ಚಿದ್ಯಾ ಎಂದು ಹೇಳಿ ನೋಡುತ್ತಿದ್ದ. ಅವಳು ಒಂದು ಸಲವೂ ತಿರುಗಲಿಲ್ಲ.